ಅಗ್ಗದ ಕಂಪ್ಯೂಟರಿನ ಇಪ್ಪತ್ತೈದು ವರ್ಷ: ಕೊಳಕೂರಿನ ಕಾಕಾ ಕೇಳಿದ ಪ್ರಶ್ನೆ

ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದಾಗ ನಮ್ಮ ಕಡೆ ಮನೆಮನೆಯಲ್ಲೂ ಲೆಕ್ಕ ಶುರುವಾಗುತ್ತದೆ. ಸಾಲಕ್ಕೆ ಎಷ್ಟು, ಗೊಬ್ಬರದಂಗಡಿ ಬಾಕಿಗೆ ಎಷ್ಟು, ಮದುವೆಗೆ ಎಷ್ಟು. ಈಚೆಗೆ ಆ ಲೆಕ್ಕದಲ್ಲಿ ಇನ್ನೊಂದು ಖರ್ಚು ಸೇರಿದೆ: ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಒಂದು ಲ್ಯಾಪ್‌ಟಾಪ್.

ಜೇವರ್ಗಿ ತಾಲೂಕಿನ ಕೊಳಕೂರ ಊರಿನ ಕಾಕಾ ಒಬ್ಬರು ನಮ್ಮನ್ನು ಕೇಳಿದ್ದೂ ಇದನ್ನೇ: "ಮಗಳು ಕಲಬುರಗ್ಯಾಗ ಬಿ.ಕಾಂ. ಸೇರ್ಯಾಳ. ಎಲ್ಲಕ್ಕಿಂತ ಕಮ್ಮಿ ರೇಟಿನ ಲ್ಯಾಪ್‌ಟಾಪ್ ಯಾವ್ದದ ಹೇಳ್ರಪ್ಪಾ."

ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಇಂದಿನ ಮಾಡೆಲ್ ಆರು ತಿಂಗಳಿಗೆ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಾಕಾ ಕೇಳಿದ ಪ್ರಶ್ನೆಯನ್ನು ಬೆಂಗಳೂರಿನ ವಿಜ್ಞಾನಿಗಳು, ಅಮೆರಿಕದ ಪ್ರೊಫೆಸರು, ದೆಹಲಿಯ ಮಂತ್ರಿಗಳು ಎಲ್ಲರೂ ಕೇಳಿದ್ದಾರೆ. ಅವರು ಎಲ್ಲಿ ಎಡವಿದರು ಎಂದು ತಿಳಿದರೆ ನಾವು ಅಲ್ಲಿ ಎಡವಬೇಕಿಲ್ಲ.

ಬೆಂಗಳೂರಿನ ಸಿಂಪ್ಯೂಟರ್

ಬಡವರಿಗೆ ಕೈಗೆಟುಕುವ ಕಂಪ್ಯೂಟರ್ ಬೇಕು ಎಂಬ ಕನಸಿನ ಒಂದು ದೊಡ್ಡ ಕಥೆ ನಮ್ಮ ರಾಜ್ಯದ್ದೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಗೆಳೆಯರ ಜೊತೆ ಸೇರಿ 'ಸಿಂಪ್ಯೂಟರ್' ಎಂಬ ಯಂತ್ರ ರೂಪಿಸಿದರು. 2001ರ ಏಪ್ರಿಲ್‌ನಲ್ಲಿ ಅದನ್ನು ಜನರಿಗೆ ತೋರಿಸಿದರು. ಅಂಗೈ ಮೇಲೆ ಕೂರುವ ಕಂಪ್ಯೂಟರ್ ಅದು. ಕಡ್ಡಿಯಿಂದ ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಓದಲು ಬಾರದವರಿಗಾಗಿ ಭಾರತದ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಯೋಚಿಸಿದ್ದರು. ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್ ಎಂಬುದು ಅವರ ಲೆಕ್ಕ. ಬೆಲೆ ಸುಮಾರು 9 ಸಾವಿರ ರೂಪಾಯಿ ಇರಬೇಕು ಎಂದುಕೊಂಡಿದ್ದರು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ 'ಅಮಿಡಾ' ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಜಗತ್ತೇ ಹೊಗಳಿತು, ಆದರೆ ಲಕ್ಷಗಟ್ಟಲೆ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಒಂದು ಕಡೆ ಸಾಮಾನ್ಯ ಕಂಪ್ಯೂಟರಿನ ಬೆಲೆ ಇಳಿಯುತ್ತಿತ್ತು, ಇನ್ನೊಂದು ಕಡೆ ಮೊಬೈಲ್ ಹಳ್ಳಿಗೆ ಕಾಲಿಡುತ್ತಿತ್ತು. ಯಂತ್ರ ಒಳ್ಳೆಯದೇ ಇತ್ತು. ಆದರೆ ಅದರ ಸುತ್ತ ಅಂಗಡಿ, ರಿಪೇರಿ ಮಾಡುವವರು, ಬೇಕಾದ ಸಾಫ್ಟ್‌ವೇರ್ ಬೆಳೆಯಲಿಲ್ಲ.

ನೂರು ಡಾಲರ್ ಮಾತು

2005ರಲ್ಲಿ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ 100 ಡಾಲರಿಗೆ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುತ್ತೇವೆ ಎಂದರು. 2007ರ ಕೊನೆಗೆ ಅದು ತಯಾರಾದಾಗ ಬೆಲೆ ಹತ್ತಿರ ಹತ್ತಿರ 200 ಡಾಲರ್ ಆಗಿತ್ತು. ನಮ್ಮ ಕೇಂದ್ರ ಸರ್ಕಾರ ಅದಕ್ಕೂ ಮೊದಲೇ, 2006ರಲ್ಲಿ, ಬೇಡ ಎಂದುಬಿಟ್ಟಿತ್ತು.

ಆದರೆ ಆ ಮಾತು ದೊಡ್ಡ ಕಂಪನಿಗಳ ಕಣ್ಣು ತೆರೆಸಿತು. 2007ರಲ್ಲಿ ತೈವಾನಿನ ಏಸಸ್ ಕಂಪನಿ 7 ಇಂಚಿನ ಪುಟ್ಟ 'ಈ ಪಿಸಿ' ತಂದಿತು. 2008ರಲ್ಲಿ ನಮ್ಮ ದೇಶದ ಎಚ್‌ಸಿಎಲ್ ಸುಮಾರು 14 ಸಾವಿರ ರೂಪಾಯಿಗೆ 'ಮೈಲೀಪ್' ತಂದಿತು. ಇವನ್ನು ನೆಟ್‌ಬುಕ್ ಎನ್ನುತ್ತಿದ್ದರು. ಚೆಂದ ಇದ್ದವು, ಹಗುರ ಇದ್ದವು. ಆದರೆ ಕೀಲಿಗಳು ಚಿಕ್ಕವು, ಪರದೆ ಚಿಕ್ಕದು. ಮೊದಲ ಈ ಪಿಸಿಯಲ್ಲಿ ಫೈಲ್ ಇಡಲು ಇದ್ದ ಜಾಗ ಬರೀ 4 ಜಿಬಿ. ಟ್ಯಾಬ್ಲೆಟ್ ಬಂದ ಕೆಲವೇ ವರ್ಷಗಳಲ್ಲಿ ನೆಟ್‌ಬುಕ್ ಕಾಲ ಮುಗಿಯಿತು.

ಆಕಾಶ್ ಬಂತು, ಹೋಯಿತು

ದೆಹಲಿ ಇನ್ನೂ ಕೆಳಗಿನ ಬೆಲೆಗೆ ಕೈ ಹಾಕಿತು. 2009ರ ಫೆಬ್ರುವರಿಯಲ್ಲಿ ತಿರುಪತಿಯಲ್ಲಿ '10 ಡಾಲರ್ ಲ್ಯಾಪ್‌ಟಾಪ್' ಎಂದು ಸುದ್ದಿಯಾದದ್ದನ್ನು ತೋರಿಸಿದರು. ನೋಡಿದರೆ ಅದು ಲ್ಯಾಪ್‌ಟಾಪ್ ಆಗಿರಲೇ ಇಲ್ಲ.

2011ರ ಅಕ್ಟೋಬರ್ 5ರಂದು ಆಗಿನ ಮಂತ್ರಿ ಕಪಿಲ್ ಸಿಬಲ್ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ಸರ್ಕಾರಕ್ಕೆ ಒಂದಕ್ಕೆ ಸುಮಾರು 2,250 ರೂಪಾಯಿ ಬೀಳುತ್ತಿತ್ತು, ವಿದ್ಯಾರ್ಥಿಗೆ ಅದರ ಅರ್ಧಕ್ಕೆ ಕೊಡುವ ಯೋಚನೆ. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್. ಬೆರಳು ಒತ್ತಿ ಒತ್ತಿ ಮುಟ್ಟಬೇಕಿತ್ತು. ಮರುವರ್ಷ ಸುಧಾರಿಸಿದ 'ಆಕಾಶ್ 2' ಬಂದರೂ ಯೋಜನೆ ನಿಲ್ಲಲಿಲ್ಲ.

ಆಕಾಶ್ ಕಲಿಸಿದ ಪಾಠ ದೊಡ್ಡದು. ಟ್ಯಾಬ್ಲೆಟ್‌ನಲ್ಲಿ ಪಾಠ ನೋಡಬಹುದು, ಓದಬಹುದು. ಆದರೆ ನಲವತ್ತು ಪುಟದ ಪ್ರಾಜೆಕ್ಟ್ ಬರೆಯುವುದು, ಲೆಕ್ಕದ ಹಾಳೆ ತುಂಬುವುದು ಕಷ್ಟ. ಓದುವ ಕೆಲಸಕ್ಕೆ ಇವತ್ತು ನಮ್ಮ ಕೈಯಲ್ಲಿ ಫೋನೇ ಇದೆ. ಲ್ಯಾಪ್‌ಟಾಪ್ ಬೇಕಿರುವುದು ಬರೆಯಲು, ಕೆಲಸ ಕಲಿಯಲು.

ಕೊಟ್ಟವರೂ ಇದ್ದಾರೆ

ತಮಿಳುನಾಡು ಬೇರೆ ದಾರಿ ಹಿಡಿಯಿತು. 2011ರ ಸೆಪ್ಟೆಂಬರ್‌ನಿಂದ ಹೊಸ ಯಂತ್ರ ಹುಡುಕುವ ಗೋಜಿಗೆ ಹೋಗದೆ, ಪೇಟೆಯಲ್ಲಿ ಸಿಗುವಂಥ ಸಾಮಾನ್ಯ ಲ್ಯಾಪ್‌ಟಾಪನ್ನೇ ಸಗಟಾಗಿ ಕೊಂಡು ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿತು. ಲಕ್ಷಾಂತರ ಮಕ್ಕಳಿಗೆ ಅದು ತಲುಪಿತು.

ಕರ್ನಾಟಕದಲ್ಲೂ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಂದ ಶುರುವಾಗಿ, 2019-20ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮೊದಲ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಲ್ಯಾಪ್‌ಟಾಪ್ ಕೊಡುವ ಕಾರ್ಯಕ್ರಮ ನಡೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿದವು, ಪಾಠ ಫೋನಿಗೆ ಬಂತು. 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಲಾಯಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದಲೂ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟದ್ದುಂಟು. ಅದಕ್ಕೇ ಮೊದಲ ಸಲಹೆ: ಕೊಳ್ಳುವ ಮುಂಚೆ ಕಾಲೇಜಿನಲ್ಲೂ, ಕಾರ್ಮಿಕ ಕಾರ್ಡ್ ಇದ್ದರೆ ಕಾರ್ಮಿಕ ಇಲಾಖೆಯಲ್ಲೂ ಈ ವರ್ಷ ಯೋಜನೆ ಇದೆಯೇ ಎಂದು ಒಮ್ಮೆ ವಿಚಾರಿಸಿ.

ಹಾಗಾದರೆ ಕಾಕಾ ಏನು ಕೊಳ್ಳಬೇಕು?

ಸಿಂಪ್ಯೂಟರಿನಿಂದ ಆಕಾಶ್‌ವರೆಗೆ ಎಲ್ಲರೂ "ಬೆಲೆ ಎಷ್ಟು ಕೆಳಗಿಳಿಸಬಹುದು?" ಎಂದು ಶುರು ಮಾಡಿದರು. "ಇದರ ಮೇಲೆ ವಿದ್ಯಾರ್ಥಿ ಯಾವ ಕೆಲಸ ಮಾಡಬೇಕು?" ಎಂಬುದು ಆಮೇಲೆ ಬಂತು. ನಾವು ಇದನ್ನು ತಿರುಗಿಸಿ ಕೇಳಬೇಕು.

ಮೊದಲು ಕೋರ್ಸ್ ನೋಡಿ. ಬಿ.ಕಾಂ. ಓದುವವರಿಗೆ ಟ್ಯಾಲಿ ಬೇಕು, ಅದು ನಡೆಯುವುದು ವಿಂಡೋಸ್ ಮೇಲೆ. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್‌ನಲ್ಲಿ ವಿಂಡೋಸ್ ಇಲ್ಲ, ಜಿಯೋ ಓಎಸ್ ಇದೆ. ಕ್ರೋಮ್‌ಬುಕ್‌ನಲ್ಲೂ ವಿಂಡೋಸ್ ಇರುವುದಿಲ್ಲ. ಬರೀ ಬರೆಯುವುದು, ಇಂಟರ್ನೆಟ್ ನೋಡುವುದು ಆದರೆ ಇಂಥವು ಸಾಕಾಗಬಹುದು. ಟ್ಯಾಲಿಗೆ, ಎಂಜಿನಿಯರಿಂಗ್ ಓದುವವರ ಆಟೋಕ್ಯಾಡ್‌ಗೆ ಸಾಲುವುದಿಲ್ಲ.

ಎರಡನೆಯದು, ಒಳಗೆ ಏನಿದೆ ನೋಡಿ. ರ‍್ಯಾಮ್ 8 ಜಿಬಿ ಇರಲಿ. 4 ಜಿಬಿ ಇದ್ದರೆ ಮುಂದೆ ಹೆಚ್ಚಿಸಲು ಜಾಗ ಇದೆಯೇ ಎಂದು ಕೇಳಿ. ಫೈಲ್ ಇಡಲು 256 ಜಿಬಿಯ ಎಸ್‌ಎಸ್‌ಡಿ ಇರಲಿ. 64 ಜಿಬಿಯ ಇಎಂಎಂಸಿ ಎಂದು ಬರೆದಿದ್ದರೆ ಅದು ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳಿಂದಲೇ ಬಹುಪಾಲು ತುಂಬಿಹೋಗುತ್ತದೆ. ನೆಟ್‌ಬುಕ್ ಕಾಲದ ತೊಂದರೆ ಮತ್ತೆ ಮನೆಗೆ ಬಂದಂತೆ.

ಮೂರನೆಯದು, ಸೆಕೆಂಡ್ ಹ್ಯಾಂಡ್ ಎಂದರೆ ಹೆದರಬೇಡಿ. ದೊಡ್ಡ ಕಂಪನಿಗಳ ಆಫೀಸಿನಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಗಟ್ಟಿ ಇರುತ್ತವೆ, ಬಿಡಿಭಾಗವೂ ಸಿಗುತ್ತವೆ. ಆದರೆ ಒಂದು ದಿನಾಂಕ ನೆನಪಿಡಿ: 2025ರ ಅಕ್ಟೋಬರ್ 14. ಅಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದರ ನಂತರದ್ದು ಬೇಕು. "ಐ5 ಅದ, ತಗೊಳ್ರಿ" ಎಂದು ಅಂಗಡಿಯವರು ಹೇಳಿದರೆ "ಎಷ್ಟನೇ ಜನರೇಶನ್?" ಎಂದು ಕೇಳಿ. ಚಾರ್ಜರ್ ತೆಗೆದು ಅರ್ಧ ತಾಸು ಓಡಿಸಿ ಬ್ಯಾಟರಿ ನೋಡಿ. ಒಂದೊಂದೇ ಕೀಲಿ ಒತ್ತಿ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ಹಣ ಕೊಡಬೇಡಿ.

ನಾಲ್ಕನೆಯದು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಆ ಕಂಪನಿಯ ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದ್ದರೆ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದು. ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಬೇಕೆಂದರೆ ಪರೀಕ್ಷೆ ಮುಗಿದ ಮೇಲೆ ವಾಪಸ್ ಬಂದೀತು.

ಕನ್ನಡದ ಬಗ್ಗೆ ಚಿಂತೆ ಬೇಡ. ಬರಹ, ನುಡಿ ದಾರಿ ಮಾಡಿಕೊಟ್ಟವು. ಇವತ್ತು ವಿಂಡೋಸ್ ಇರಲಿ, ಉಚಿತವಾಗಿ ಸಿಗುವ ಲಿನಕ್ಸ್ ಇರಲಿ, ಯುನಿಕೋಡ್‌ನಲ್ಲಿ ಕನ್ನಡ ಬರೆಯಬಹುದು. ಆಫೀಸ್ ಸಾಫ್ಟ್‌ವೇರಿಗೂ ಹಣ ಕೊಡಬೇಕಿಲ್ಲ, ಲಿಬ್ರೆ ಆಫೀಸ್ ಉಚಿತ.

ಕಾಕಾಗೆ ನಾವು ಇದನ್ನೇ ಹೇಳಿದೆವು. ಕೇಳಿ ಸುಮ್ಮನಾದರು. ಆಮೇಲೆ ಅಂದರು: "ಎತ್ತು ಕೊಳ್ಳಾಕ ಹೋದ್ರ ಹಲ್ಲು ನೋಡ್ತೀವಿ, ಕಾಲು ನೋಡ್ತೀವಿ. ಇದಕ್ಕ ರೇಟ್ ಅಷ್ಟ ನೋಡಾಕ ಹೊಂಟಿದ್ದೆ."

ಸರ್ಕಾರದ ಯೋಜನೆ ಸೋತರೆ ಇನ್ನೊಂದು ಯೋಜನೆ ಬರುತ್ತದೆ. ಆದರೆ ತೊಗರಿ ಮಾರಿದ ದುಡ್ಡಿನಲ್ಲಿ ತಂದ ಲ್ಯಾಪ್‌ಟಾಪ್ ಮೂಲೆ ಸೇರಿದರೆ, ಎರಡನೇ ಸಲ ಕೇಳಲು ಮಗಳಿಗೆ ಬಾಯಿ ಬರುವುದಿಲ್ಲ. ಹಾಗಾಗಿ ಅಂಗಡಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಕೀಲಿ ಒತ್ತಿ ನೋಡಬೇಕಾದವಳು ಅವಳೇ.