ತಲೆಹೊಟ್ಟಿಗೂ ಉಂಟು ಅಂಕಪಟ್ಟಿ: ಶಾಂಪೂ ಅಧ್ಯಯನಗಳಲ್ಲಿ ಲೆಕ್ಕ ಬರೆಯುವ ಬಗೆ

ತಲೆಹೊಟ್ಟು ಇಷ್ಟು ಶೇಕಡ ಇಳಿಯುತ್ತದೆ ಎಂದು ಸಾರುವ ಜಾಹೀರಾತುಗಳು ಓದುಗರಿಗೆ ಹೊಸತಲ್ಲ. ಆದರೆ ಈ ಶೇಕಡವನ್ನು ಅಳೆದವರು ಯಾರು, ಯಾವುದರಿಂದ ಅಳೆದರು ಎಂದು ಕೇಳುವವರು ಕಡಿಮೆ. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಬಿ.ಪಿ. ಯಂತ್ರವಿದೆ. ತಲೆಹೊಟ್ಟಿಗೆ ಅಂತಹ ಸರಳ ಉಪಕರಣವಿಲ್ಲ. ಕೂದಲನ್ನು ಸರಿಸಿ ನೋಡುವ ವೈದ್ಯರ ಕಣ್ಣು ಹಾಗೂ ಅವರು ಬರೆಯುವ ಅಂಕಿ, ಇವೇ ಮುಖ್ಯ ಸಾಧನಗಳು. ಹೀಗಾಗಿ ಅಂಕಿಯನ್ನು ದಾಖಲಿಸುವ ಕ್ರಮ ತಪ್ಪಿದರೆ ಔಷಧದ ಬಗೆಗಿನ ತೀರ್ಮಾನವೂ ತಪ್ಪುತ್ತದೆ.

ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ತಲೆಯ ಚರ್ಮವನ್ನು ಎಂಟು ಭಾಗಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಭಾಗಕ್ಕೂ, ಅಂಟಿಕೊಂಡಿರುವ ಹೊಟ್ಟಿನ ಪ್ರಮಾಣ ನೋಡಿ 0ಯಿಂದ 10ರವರೆಗೆ ಅಂಕ. ಒಟ್ಟು ಗರಿಷ್ಠ 80. ಒಬ್ಬ ವೈದ್ಯರಿಗೆ 4 ಎನಿಸಿದ್ದು ಇನ್ನೊಬ್ಬರಿಗೆ 6 ಎನಿಸಬಹುದು. ಆದ್ದರಿಂದ ಪರೀಕ್ಷಕರಿಗೆ ಮೊದಲೇ ತರಬೇತಿ ನೀಡಲಾಗುತ್ತದೆ; ಒಬ್ಬ ಸ್ವಯಂಸೇವಕನನ್ನು ಸಾಧ್ಯವಾದಷ್ಟೂ ಆರಂಭದಿಂದ ಕೊನೆಯವರೆಗೆ ಒಬ್ಬರೇ ಪರೀಕ್ಷಿಸುತ್ತಾರೆ. ಕೊನೆಯ ಬಾರಿ ತಲೆ ತೊಳೆದದ್ದು ಎಂದು, ಎಣ್ಣೆ ಹಚ್ಚಿದ್ದುಂಟೆ ಎಂಬುದನ್ನೂ ಬರೆದಿಡಬೇಕು. ಎಣ್ಣೆ ಸವರಿದ ತಲೆಯಲ್ಲಿ ಹೊಟ್ಟು ಚರ್ಮಕ್ಕೆ ಅಂಟಿ ಕಣ್ಣಿಗೆ ಕಾಣುವುದೇ ಕಡಿಮೆ. ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವ ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ತುರಿಕೆ ಮತ್ತು ಜಿಡ್ಡಿನ ಅನುಭವವನ್ನು ಹೇಳಬಲ್ಲವನು ಸ್ವಯಂಸೇವಕ ಮಾತ್ರ. ಅವನ ಉತ್ತರಕ್ಕೆ ಪ್ರತ್ಯೇಕ ಅಂಕವಿರುತ್ತದೆ. ಈ ಎರಡು ಲೆಕ್ಕಗಳು ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ ಎಂಬುದಕ್ಕೆ 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಉತ್ತಮ ನಿದರ್ಶನ. ಶೇ. 5ರಷ್ಟು ಟೀ ಟ್ರೀ ಎಣ್ಣೆ ಬೆರೆಸಿದ ಶಾಂಪೂವನ್ನು ಔಷಧಾಂಶವಿಲ್ಲದ ಶಾಂಪೂವಿನೊಂದಿಗೆ 126 ಜನರಲ್ಲಿ ನಾಲ್ಕು ವಾರ ಹೋಲಿಸಲಾಯಿತು. ತಲೆಯನ್ನು ನಾಲ್ಕು ಭಾಗ ಮಾಡಿ, ಹೊಟ್ಟಿನ ಹರಡುವಿಕೆ ಹಾಗೂ ತೀವ್ರತೆಗೆ ಅಂಕ ನೀಡಲಾಗಿತ್ತು. ಈ ಅಂಕದಲ್ಲಿ ಟೀ ಟ್ರೀ ಗುಂಪಿನವರ ಸುಧಾರಣೆ ಶೇ. 41, ಇನ್ನೊಂದು ಗುಂಪಿನವರದು ಶೇ. 11. ಬಳಸಿದವರೇ ನೀಡಿದ ಅಂಕಗಳಲ್ಲಿ ತುರಿಕೆ ಮತ್ತು ಜಿಡ್ಡು ಸ್ಪಷ್ಟವಾಗಿ ಇಳಿದಿದ್ದವು. ಹೊಟ್ಟಿನ ವಿಷಯದಲ್ಲಿ ಮಾತ್ರ ಅವರು ಕಂಡ ಸುಧಾರಣೆ ಸಂಖ್ಯಾಶಾಸ್ತ್ರದ ಕಟ್ಟಳೆಯನ್ನು ದಾಟಲಿಲ್ಲ! ವೈದ್ಯರ ಕಣ್ಣಿಗೆ ಗೋಚರಿಸಿದ್ದು ಬಳಸಿದವರ ಅನುಭವಕ್ಕೆ ಅಷ್ಟಾಗಿ ಬರಲಿಲ್ಲ. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ದಾಖಲಿಸಿದ್ದರಿಂದಲೇ ಈ ವ್ಯತ್ಯಾಸ ಬೆಳಕಿಗೆ ಬಂತು. ಔಷಧಾಂಶವಿಲ್ಲದೆಯೇ ಶೇ. 11ರಷ್ಟು ಇಳಿಕೆ ಆದದ್ದೂ ಗಮನಾರ್ಹ.

ಖಾಲಿ ಮನೆಯ ತಕರಾರು

ಪ್ರತಿ ಸ್ವಯಂಸೇವಕನಿಗೂ ಒಂದು ದಾಖಲೆ ಪುಸ್ತಿಕೆ ಇರುತ್ತದೆ. ಅದರಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ. ಕಾಗದದಲ್ಲಿ ಬರೆದ ಅಂಕಿ ತಪ್ಪಾದರೆ ಒರೆಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಹಳೆಯ ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ನಂತರ ಇಬ್ಬರು ನಿರ್ವಾಹಕರು ಪ್ರತ್ಯೇಕವಾಗಿ ಕಂಪ್ಯೂಟರಿಗೆ ತುಂಬಿ ತಾಳೆ ನೋಡುವುದು ಹಳೆಯ ರೂಢಿ. ನೇರವಾಗಿ ಕಂಪ್ಯೂಟರಿನಲ್ಲಿಯೇ ದಾಖಲಿಸುವಾಗ ಯಾರು, ಯಾವಾಗ, ಏನು ಬದಲಿಸಿದರೆಂಬುದು ತಾನಾಗಿ ಉಳಿಯಬೇಕು. ಅಮೆರಿಕದಲ್ಲಿ 1997ರಿಂದಲೇ ಇದಕ್ಕೆ ನಿಯಮವಿದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಖಾಲಿ ಬಿಟ್ಟ ಮನೆಗಳ ವಿಷಯದಲ್ಲಿ. ತಲೆಹೊಟ್ಟಿನ ಅಂಕಪಟ್ಟಿಯಲ್ಲಿ 0 ಎಂದರೆ ಹೊಟ್ಟು ಒಂದಿಷ್ಟೂ ಇಲ್ಲ ಎಂದರ್ಥ. ಖಾಲಿ ಎಂದರೆ ಪರೀಕ್ಷೆ ನಡೆಯಲಿಲ್ಲ ಎಂದರ್ಥ. ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಜನರಿದ್ದಾರೆ, ಎಲ್ಲರ ಆರಂಭದ ಅಂಕ 40 ಎಂದಿಟ್ಟುಕೊಳ್ಳಿ. ನಾಲ್ಕು ವಾರಗಳ ನಂತರ ಎಂಟು ಜನರದು 30ಕ್ಕೆ ಇಳಿದಿದೆ, ಇಬ್ಬರು ಬರಲೇ ಇಲ್ಲ. ಬಂದ ಎಂಟು ಜನರನ್ನಷ್ಟೇ ಪರಿಗಣಿಸಿದರೆ ಸುಧಾರಣೆ ಶೇ. 25. ಬಾರದ ಇಬ್ಬರಲ್ಲಿ ಯಾವ ಬದಲಾವಣೆಯೂ ಆಗಿಲ್ಲವೆಂದು ಭಾವಿಸಿದರೆ ಶೇ. 20. ಖಾಲಿ ಮನೆಗಳನ್ನು ಕಂಪ್ಯೂಟರ್ 0 ಎಂದು ಓದಿದರೆ ಶೇ. 40! ಒಂದೇ ಪುಸ್ತಿಕೆ, ಮೂರು ಫಲಿತಾಂಶ. ಬಾರದವರು ಶಾಂಪೂವಿನಿಂದ ತಲೆ ಉರಿದು ಬಿಟ್ಟುಹೋದವರೇ ಆಗಿದ್ದರಂತೂ ಪ್ರಮಾದ ಇನ್ನೂ ದೊಡ್ಡದು. ಆದಕಾರಣ ‘ಪರೀಕ್ಷಿಸಿಲ್ಲ’ ಎಂಬುದಕ್ಕೇ ಪ್ರತ್ಯೇಕ ಸಂಕೇತವಿಟ್ಟು, ಗೈರಾದವರ ಲೆಕ್ಕವನ್ನು ಹೇಗೆ ಮಾಡಬೇಕೆಂದು ಅಧ್ಯಯನಕ್ಕೆ ಮೊದಲೇ ಬರೆದಿಡಲಾಗುತ್ತದೆ.

ನವೆ, ತುರಿಕೆ, ಕಡಿತ

ಅಂಕಿಗಳ ಕಥೆ ಹೀಗಾದರೆ ಮಾತುಗಳದು ಇನ್ನೊಂದು. ಚಿಕಿತ್ಸೆಯ ವೇಳೆ ತೊಂದರೆಯಾದರೆ ಒಬ್ಬ ನವೆ ಎನ್ನುತ್ತಾನೆ, ಒಬ್ಬ ತುರಿಕೆ ಎನ್ನುತ್ತಾನೆ, ಮತ್ತೊಬ್ಬ ಕಡಿತ ಎನ್ನುತ್ತಾನೆ. ಇವನ್ನು ಒಂದೇ ಸಂಕೇತದಡಿ ತರಲು ಮೆಡ್‌ಡ್ರಾ ಎಂಬ ಅಂತರರಾಷ್ಟ್ರೀಯ ಪದಕೋಶವಿದೆ. ಐದು ಹಂತಗಳು, ಮೇಲ್ತುದಿಯಲ್ಲಿ 27 ವರ್ಗಗಳು, ಪ್ರತಿ ಪದಕ್ಕೂ ಎಂಟು ಅಂಕಿಗಳ ಸಂಕೇತ; ವರ್ಷಕ್ಕೆರಡು ಬಾರಿ ಪರಿಷ್ಕರಣೆ. ಶಾಂಪೂ ಹಚ್ಚಿದ ಜಾಗದಲ್ಲಷ್ಟೇ ತುರಿಕೆಯಾದರೆ ಅದಕ್ಕೊಂದು ಪದ, ಸಾಮಾನ್ಯ ತುರಿಕೆಗೆ ಇನ್ನೊಂದು. ಎರಡೂ ಬೇರೆ ಬೇರೆ ವರ್ಗಕ್ಕೆ ಸೇರುತ್ತವೆ. ತಲೆಹೊಟ್ಟಿನ ಲಕ್ಷಣವೇ ತುರಿಕೆಯಾಗಿರುವಾಗ ಇದು ರೋಗದ್ದೋ ಔಷಧದ್ದೋ ಎಂದು ವಿಂಗಡಿಸುವುದು ಸುಲಭವಲ್ಲ. ‘ತಲೆ ಚುರುಗುಟ್ಟಿತು’ ಎಂದಷ್ಟೇ ಬರೆದಿದ್ದರೆ ಅದು ಉರಿಯೋ ನೋವೋ ಎಂದು ಸಂಕೇತ ನೀಡುವವರು ಊಹಿಸುವಂತಿಲ್ಲ, ವೈದ್ಯರಿಗೇ ಪ್ರಶ್ನೆ ಕಳುಹಿಸಬೇಕು. ವಿದೇಶಿ ಅಧ್ಯಯನಗಳ ಇಂತಹ ದತ್ತಾಂಶ ನಿರ್ವಹಣೆ ಬೆಂಗಳೂರಿನ ಹಲವು ಕಂಪೆನಿಗಳಲ್ಲಿ ನಡೆಯುತ್ತದೆ. ಫಾರ್ಮಸಿ ಹಾಗೂ ಜೀವವಿಜ್ಞಾನ ಪದವೀಧರರಿಗೆ ಇದೊಂದು ಉದ್ಯೋಗ.

ಜಾಹೀರಾತಿನ ಶೇಕಡಕ್ಕೇ ಮರಳೋಣ. 2002ರಲ್ಲಿ ಪ್ರಕಟವಾದ ಇನ್ನೊಂದು ಬಹುಕೇಂದ್ರ ಅಧ್ಯಯನದಲ್ಲಿ, ತೀವ್ರ ತಲೆಹೊಟ್ಟು ಇದ್ದ 331 ಜನರಿಗೆ ಶೇ. 2ರ ಕೀಟೊಕೊನಜೋಲ್ ಅಥವಾ ಶೇ. 1ರ ಜಿಂಕ್ ಪೈರಿಥಿಯೋನ್ ಶಾಂಪೂ ನೀಡಲಾಯಿತು. ನಾಲ್ಕನೇ ವಾರಕ್ಕೆ ಒಟ್ಟು ಅಂಕದಲ್ಲಿ ಸುಧಾರಣೆ ಕ್ರಮವಾಗಿ ಶೇ. 73 ಹಾಗೂ ಶೇ. 67. ನೂರರಲ್ಲಿ 73 ಜನರಿಗೆ ತಲೆಹೊಟ್ಟು ಹೋಯಿತೆಂಬುದು ಇದರ ಅರ್ಥವಲ್ಲ, ಇಳಿದದ್ದು ಅಂಕ. ಯಾವ ಶಾಂಪೂ ಎಂಬುದು ಮುಚ್ಚುಮರೆಯಾಗಿರಲಿಲ್ಲ, ಮೊದಲನೆಯದನ್ನು ವಾರಕ್ಕೆ ಎರಡು ಬಾರಿ, ಎರಡನೆಯದನ್ನು ಕನಿಷ್ಠ ಎರಡು ಬಾರಿ ಬಳಸಲಾಗಿತ್ತು ಎಂಬ ವಿವರಗಳೂ ವರದಿಯಲ್ಲಿವೆ.

ನಮ್ಮಲ್ಲಿ 2007ರಲ್ಲಿ ಆರಂಭವಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾದಲ್ಲಿ ಔಷಧ ಪ್ರಯೋಗಗಳ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯ. ಯಾವ ಅಂಕವನ್ನು ಮುಖ್ಯ ಫಲಿತಾಂಶವೆಂದು ಪರಿಗಣಿಸಲಾಗುವುದು, ಎಷ್ಟನೇ ವಾರದಲ್ಲಿ ಅಳೆಯಲಾಗುವುದು ಎಂಬುದನ್ನು ಅಲ್ಲಿ ನಮೂದಿಸಬೇಕು. ಈ ವಿವರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.