ಫಲಾನಾ ಎಂಬ ಹೆಸರಿಲ್ಲದ ಮನುಷ್ಯ

ನಮ್ಮ ಸೇಡಂ ಕಡೆ ‘ಫಲಾನಾ’ ಅನ್ನದೆ ದಿನ ಮುಗಿಯೋದಿಲ್ಲ. ಫಲಾನಾ ಮನುಷ್ಯ ಬಂದಿದ್ದ, ಫಲಾನಾ ತಾರೀಖಿಗೆ ಕೊಡ್ತೀನಂದ, ಫಲಾನಾ ಅಂಗಡ್ಯಾಗ ಕೇಳು. ಹೆಸರು ಗೊತ್ತಿಲ್ಲದಾಗ, ನೆನಪಿಗೆ ಬಾರದಾಗ, ಗೊತ್ತಿದ್ದೂ ಹೇಳಬಾರದು ಅನಿಸಿದಾಗ, ಮೂರಕ್ಕೂ ಒಂದೇ ಪದ. ತಾಂಡೂರಿಗೆ ಹೋದರೆ ತೆಲುಗಿನವರೂ ಇದನ್ನೇ ಅಂತಾರೆ.

ಬೆಂಗಳೂರಿನ ಆಫೀಸಿನಲ್ಲಿ ಸ್ಪೇನಿನ ತಂಡದ ಜೊತೆ ಕೆಲಸ ಮಾಡುವಾಗ ಅವರು ಕಳಿಸಿದ ಟೆಸ್ಟ್ ಡೇಟಾದಲ್ಲಿ ಗ್ರಾಹಕನ ಹೆಸರು ‘ಫುಲಾನೊ ದೆ ತಾಲ್’ ಅಂತಿತ್ತು. ‘ಇಂಥವನೊಬ್ಬ’ ಎಂದರ್ಥ. ಸ್ಪ್ಯಾನಿಷ್‌ನಲ್ಲಿ ಬಹಳ ಬಳಕೆಯ ಮಾತು. ಓದಿದ ಕೂಡಲೇ ನಗು ಬಂತು. ಅರೆ, ನಮ್ಮ ಫಲಾನಾ ಅಲ್ಲೇನು ಮಾಡ್ತಿದ್ದಾನೆ?

ಇಬ್ಬರೂ ಅರಬ್ಬಿಯ ‘ಫುಲಾನ್’ನ ಮಕ್ಕಳು. ಕುರಾನಿನ 25ನೇ ಅಧ್ಯಾಯದಲ್ಲೂ ಈ ಪದ ಇದೆ. 711ರಲ್ಲಿ ಮುಸ್ಲಿಂ ಸೈನ್ಯ ಜಿಬ್ರಾಲ್ಟರ್ ದಾಟಿ ಸ್ಪೇನಿಗೆ ಹೋಯಿತು, ಪದವೂ ಜೊತೆಗೆ ಹೋಯಿತು. 1492ರಲ್ಲಿ ಗ್ರಾನಡಾ ಬಿತ್ತು, ರಾಜ್ಯ ಹೋಯಿತು, ಫುಲಾನೊ ಅಲ್ಲೇ ಉಳಿದ. ಇತ್ತ ಕಡೆ ಅದು ಪರ್ಷಿಯನ್ನಿನ ಹೆಗಲೇರಿ ಬಂತು. 1347ರಲ್ಲಿ ಬಹಮನಿಗಳು ಕಲಬುರಗಿಯನ್ನೇ ರಾಜಧಾನಿ ಮಾಡಿಕೊಂಡರು. ಆಮೇಲೆ ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಪರ್ಷಿಯನ್ ಹೋಗಿ ಉರ್ದು ಆಯಿತು. ಅಷ್ಟು ಶತಮಾನ ಅರ್ಜಿ, ಫಿರ್ಯಾದಿ ಅಂತ ಕಚೇರಿಗೆ ಓಡಾಡಿದ ಮಂದಿಯ ಬಾಯಿಗೆ ಫಲಾನಾ ಹತ್ತದೇ ಇರ್ತಾನೇನ್ರಿ?

ಸ್ಪೇನಿನಲ್ಲಿ ಅವನಿಗೆ ಬಳಗವೂ ಇದೆ: ಮೆಂಗಾನೊ, ಸುತಾನೊ, ಪೆರೆಂಗಾನೊ. ನಾವು ಕೋಡ್ ಬರೆಯುವಾಗ ಫೂ, ಬಾರ್, ಬಾಜ್ ಅಂತ ಸಾಲಾಗಿ ಇಡ್ತೀವಲ್ಲ, ಹಂಗೇ. ಬರೀ ‘ಒಬ್ಬ ಫುಲಾನೊ’ ಅಂದರೆ ಸ್ವಲ್ಪ ತಾತ್ಸಾರ, ಯಾವನೋ ಒಬ್ಬ ಅಂದಂಗೆ. ಹೆಣ್ಣಾಗಿ ‘ಫುಲಾನಾ’ ಆದರೆ ಮಾತ್ರ ವೇಶ್ಯೆ ಅಂತ ಬೈಗುಳ. ಹೆಸರಿಲ್ಲದ ಗಂಡಸು ಯಾರೋ ಒಬ್ಬ, ಹೆಸರಿಲ್ಲದ ಹೆಂಗಸು ಕೆಟ್ಟವಳು! ತುರ್ಕಿಯವರು ಇದೇ ಪದವನ್ನು ‘ಚಹಾ ಗಿಹಾ’ದ ‘ಗಿಹಾ’ ಥರ ಹಿಂದೆ ಜೋಡಿಸ್ತಾರೆ.

ನಮ್ಮಲ್ಲಿ ಮಾತ್ರ ಫಲಾನಾನಿಗೆ ಇನ್ನೊಂದು ಕೆಲಸ ಬಿದ್ದಿದೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆಯಿತು. ಅದಕ್ಕೂ ಮೊದಲು ರಜಾಕಾರರ ಹಾವಳಿ, ಆಮೇಲೆ ಮುಸ್ಲಿಮರ ಮೇಲೆ ಸೇಡು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ ಆಕ್ಷನ್ ಹೊತ್ತಿನಲ್ಲೂ ಆಮೇಲೂ ಸತ್ತವರು ಕಡಿಮೆ ಅಂದರೂ 27ರಿಂದ 40 ಸಾವಿರ ಅಂತ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಒಂದು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ.

ನಮ್ಮ ಮುತ್ಯಾ ಆ ದಿನಗಳ ಸುದ್ದಿ ಹೇಳುವಾಗ ಹಿಂಗೇ ಹೇಳ್ತಿದ್ದ: “ಫಲಾನಾ ಊರಾಗ ಫಲಾನಾ ಮಂದಿ ಬಂದು ಮನಿ ಸುಟ್ರು. ಆಮ್ಯಾಲ ಫಲಾನಾ ಮಂದಿ ಹೋಗಿ ಅವರನ್ನ ಬಾವ್ಯಾಗ ಹಾಕಿದ್ರು.” ಯಾರು ಮುತ್ಯಾ ಅಂದರೆ, “ಫಲಾನಾ ಅಂದೆನಲ್ಲಪಾ, ಅವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಅದಾರ” ಅಂತಿದ್ದ.

ಅವನು ಮಾಡಿದ್ದು ಸರಿ ಅನಿಸ್ತದೆ. ಕೊಂದವನ ಮೊಮ್ಮಗ, ಸತ್ತವನ ಮೊಮ್ಮಗ ಇಬ್ಬರೂ ಒಂದೇ ಹೋಟೆಲಿನಾಗ ಸುಸಲಾ ಮಿರ್ಚಿ ತಿನ್ನೋ ಊರದು. ಆದರೆ ಕೊಂದವನ ಹೆಸರು ಮುಚ್ಚೋಕೆ ಹೋಗಿ ಸತ್ತವನ ಹೆಸರೂ ಮುಚ್ಚಿ ಹೋಯಿತು. ನಾಲ್ಕು ವರ್ಷದಿಂದ ಊರಿಗೆ ಹೋದಾಗೆಲ್ಲ ಹಿರಿಯರನ್ನು ಕೇಳಿ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಡ್ತಿದ್ದೀನಿ. ಊರು, ಜಾಗ, ಹೇಳಿದವರು ಯಾರು, ಎಲ್ಲಾ ಕಾಲಂ ತುಂಬಿವೆ. ಹನ್ನೊಂದು ಸಾಲು ಆಗಿವೆ. ಸತ್ತವರ ಹೆಸರಿನ ಕಾಲಂನಲ್ಲಿ ಒಂದು ಕಡೆ ‘ಹಾಸಿಗೆ ಹೊಲಿಯುವವನು’ ಅಂತಿದೆ. ಉಳಿದ ಹತ್ತರಲ್ಲಿ ‘ಫಲಾನಾ’.