ನೆಲಮಾಳಿಗೆಯಲ್ಲಿ ಸಿಕ್ಕ ಸಾವಿರ ಹುಡುಗರು

ಪಿಎಚ್.ಡಿ. ಮಹಾಪ್ರಬಂಧಗಳ ಬಗ್ಗೆ ನಮ್ಮಲ್ಲಿ ಒಂದು ಹಳೆಯ ತಮಾಷೆಯಿದೆ. ಬರೆದವರು, ಮಾರ್ಗದರ್ಶನ ಮಾಡಿದವರು ಮತ್ತು ಬೆರಳಚ್ಚು ಮಾಡಿದವರು, ಈ ಮೂವರನ್ನು ಬಿಟ್ಟರೆ ನಾಲ್ಕನೆಯವರು ಅದನ್ನು ಓದುವುದಿಲ್ಲವಂತೆ. ಬಾಲಾಪರಾಧದ ಅಧ್ಯಯನಕ್ಕೆ ಮಾತ್ರ ಈ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಶಿಕಾಗೊ ನಗರದ 1,313 ಪುಂಡ ಗುಂಪುಗಳ ಬಗ್ಗೆ ಫ್ರೆಡರಿಕ್ ಥ್ರಾಷರ್ ಮಾಡಿದ ಡಾಕ್ಟರೇಟ್ ಅಧ್ಯಯನ 1927ರಲ್ಲಿ ಪುಸ್ತಕವಾಯಿತು. ಇಂದಿಗೂ ಅದನ್ನು ಹೆಸರಿಸದೆ ಈ ಶಾಸ್ತ್ರದ ಪಾಠ ಆರಂಭವಾಗುವುದಿಲ್ಲ. ಟ್ರಾವಿಸ್ ಹರ್ಷಿ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಪಿಎಚ್.ಡಿ.ಗಾಗಿ ಮಾಡಿದ ಕೆಲಸ 1969ರಲ್ಲಿ ಪ್ರಕಟವಾದಾಗ ಪ್ರಶ್ನೆಯೇ ತಿರುವುಮುರುವಾಯಿತು. ಕೆಲವು ಮಕ್ಕಳು ಏಕೆ ದಾರಿ ತಪ್ಪುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದರೆ, ಉಳಿದವರು ಏಕೆ ತಪ್ಪುವುದಿಲ್ಲ ಎಂದು ಆತ ಕೇಳಿದ.

ಆದರೆ ಇಂಥ ಅಧ್ಯಯನದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯ ಪಾತ್ರವೇನು ಎಂಬುದು ಸರಿಯಾಗಿ ಮನಸ್ಸಿಗೆ ಹತ್ತಬೇಕಾದರೆ, ಶಿಷ್ಯರೇ ಇಲ್ಲದೆ ಹೋದ ಒಂದು ಸಂಶೋಧನೆಯ ಕಥೆಯನ್ನು ಕೇಳಬೇಕು. ಅದು ನಡೆದದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ.

ಷೆಲ್ಡನ್ ಗ್ಲೂಕ್ 1896ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಹೋದವರು. ಅವರ ಪತ್ನಿ ಎಲಿನರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ಗಂಡ 1924ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದರೆ, ಹೆಂಡತಿ ಮರುವರ್ಷವೇ ಅಲ್ಲಿಂದಲೇ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಗ ಅಲ್ಲಿ ಸಾಮಾಜಿಕ ನೀತಿಶಾಸ್ತ್ರ ಕಲಿಸುತ್ತಿದ್ದ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಮೂಲತಃ ವೈದ್ಯರು. ಆಸ್ಪತ್ರೆಯೊಳಗೆ ಸಮಾಜ ಕಾರ್ಯಕರ್ತರಿಗೆ ಮೊದಮೊದಲು ಜಾಗ ಕೊಟ್ಟವರಲ್ಲಿ ಒಬ್ಬರು. ಜೈಲಿನಿಂದ ಹೊರಬಂದವರು ಆಮೇಲೆ ಏನಾದರು ಎಂದು ಯಾರೂ ಹಿಂಬಾಲಿಸಿ ನೋಡಿಲ್ಲವಲ್ಲ ಎಂಬ ಪ್ರಶ್ನೆಯನ್ನು ಷೆಲ್ಡನ್ ಎತ್ತಿದ್ದು ಕ್ಯಾಬಟ್ಟರ ಗೋಷ್ಠಿಯಲ್ಲೇ. ಅದಕ್ಕೆ ಹಣ ಹೊಂದಿಸಿಕೊಡಲು ಮುಂದಾದವರೂ ಕ್ಯಾಬಟ್ಟರೇ. ಗ್ಲೂಕ್ ದಂಪತಿಯ ಜೀವಮಾನದ ಕೆಲಸ ಹೀಗೆ ಶುರುವಾಯಿತು.

1934ರಲ್ಲಿ ಅವರು ಒಂದು ಸಾವಿರ ಬಾಲಾಪರಾಧಿಗಳ ಬಗ್ಗೆ ಪ್ರಕಟಿಸಿದ ಪುಸ್ತಕ ಸುಧಾರಕರ ನಿದ್ದೆ ಕೆಡಿಸಿತು. ಬಾಸ್ಟನ್ನಿನ ಬಾಲ ನ್ಯಾಯಾಲಯದ ಪಕ್ಕದಲ್ಲೇ ಮಕ್ಕಳ ಮನೋವೈದ್ಯಕೀಯ ಚಿಕಿತ್ಸಾಲಯವಿತ್ತು, ತಜ್ಞರ ಸಲಹೆಯಿತ್ತು. ಇಷ್ಟಾದರೂ ಆ ಹುಡುಗರಲ್ಲಿ ನೂರಕ್ಕೆ 88 ಮಂದಿ ಐದು ವರ್ಷಗಳೊಳಗೆ ಮತ್ತೆ ತಪ್ಪು ಮಾಡಿದ್ದರು.

ಹಾಗಾದರೆ ತಪ್ಪಿನ ಬೇರು ಎಲ್ಲಿದೆ? ಇದನ್ನು ಹುಡುಕಲು 1940ರಲ್ಲಿ ಅವರು ಹೂಡಿದ ಅಧ್ಯಯನ ಅಂದಿಗೆ ಅಪೂರ್ವವಾದದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಸುಧಾರಣಾ ಶಾಲೆಗಳಿಂದ 500 ಹುಡುಗರನ್ನು ಆರಿಸಿದರು. ಬಾಸ್ಟನ್ನಿನ ಸಾಮಾನ್ಯ ಶಾಲೆಗಳಿಂದ, ಗಂಭೀರ ತಪ್ಪು ಮಾಡದ ಇನ್ನೂ 500 ಹುಡುಗರನ್ನು ಆರಿಸಿದರು. ಆಯ್ಕೆ ಹೇಗೆಂದರೆ ಅಲ್ಲಿನ ಒಬ್ಬನಿಗೆ ಇಲ್ಲಿನ ಒಬ್ಬ ಜೊತೆ: ವಯಸ್ಸು ಒಂದೇ, ಬುದ್ಧಿಮಟ್ಟ ಹೆಚ್ಚುಕಡಿಮೆ ಒಂದೇ, ತಂದೆತಾಯಿಯ ಮೂಲದೇಶ ಒಂದೇ, ಬೆಳೆದ ಕೊಳೆಗೇರಿಯೂ ಅಂಥದ್ದೇ. ಬಡತನವೊಂದೇ ಕಾರಣವಾಗಿದ್ದರೆ ಇಬ್ಬರೂ ಒಂದೇ ಕಡೆ ಇರಬೇಕಿತ್ತು. ಇಲ್ಲವೆಂದಾದರೆ ವ್ಯತ್ಯಾಸ ಬೇರೆಲ್ಲೋ ಇರಬೇಕು ಎಂಬುದು ಅವರ ತರ್ಕ. ಮನೆಮನೆಗೆ ಹೋಗಿ ತಾಯಂದಿರನ್ನು ಮಾತನಾಡಿಸಿದರು, ಮೇಷ್ಟರುಗಳನ್ನು ಕೇಳಿದರು, ಪೊಲೀಸರ ಮತ್ತು ಧರ್ಮಸಂಸ್ಥೆಗಳ ದಾಖಲೆಗಳನ್ನು ತಾಳೆ ನೋಡಿದರು. ವೈದ್ಯರು ಮೈ ಪರೀಕ್ಷಿಸಿದರು, ಮನೋವೈದ್ಯರು ಹರಟಿದರು. ಒಬ್ಬೊಬ್ಬ ಹುಡುಗನ ಕಡತವೂ ಒಂದು ಸಣ್ಣ ಕಾದಂಬರಿಯಷ್ಟಾಯಿತು.

ಈ ದೊಡ್ಡ ಯಂತ್ರವನ್ನು ದಿನದಿನವೂ ನಡೆಸಿದವರಲ್ಲಿ ಎಲಿನರ್ ಮುಖ್ಯರು. ಷೆಲ್ಡನ್ ಹಾರ್ವರ್ಡ್ ಕಾನೂನು ಕಾಲೇಜಿನ ಪ್ರಾಧ್ಯಾಪಕರಾದರು. ಅದೇ ಪುಸ್ತಕಗಳ ಮೇಲೆ ಜೊತೆಜೊತೆಗೇ ಹೆಸರಿದ್ದ, ಅದೇ ವಿಶ್ವವಿದ್ಯಾಲಯದ ಡಾಕ್ಟರೇಟ್ ಇದ್ದ ಎಲಿನರ್ 1953ರವರೆಗೂ ಸಂಶೋಧನಾ ಸಹಾಯಕಿ. ಆಮೇಲೂ ಅಧ್ಯಾಪಕ ಹುದ್ದೆ ಅವರಿಗೆ ಸಿಗಲೇ ಇಲ್ಲ.

1950ರಲ್ಲಿ ಹೊರಬಂದ ಪುಸ್ತಕ ಮನೆಯ ಕಡೆಗೆ ಬೊಟ್ಟು ಮಾಡಿತು. ತಂದೆಯ ಶಿಸ್ತು, ತಾಯಿಯ ಮೇಲ್ವಿಚಾರಣೆ, ತಂದೆಯ ಅಕ್ಕರೆ, ತಾಯಿಯ ಅಕ್ಕರೆ, ಮನೆಯವರ ಒಗ್ಗಟ್ಟು ಎಂಬ ಐದು ಅಂಶಗಳಲ್ಲಿ ಎರಡು ಗುಂಪುಗಳ ನಡುವೆ ದೊಡ್ಡ ಅಂತರ ಕಂಡಿತ್ತು. ಜೊತೆಗೆ, ಸುಧಾರಣಾ ಶಾಲೆಯ ಹುಡುಗರಲ್ಲಿ ನೂರಕ್ಕೆ 60 ಮಂದಿ ಗಟ್ಟಿಮುಟ್ಟಾದ ಸ್ನಾಯುದೇಹದವರು, ಇನ್ನೊಂದು ಗುಂಪಿನಲ್ಲಿ ಅಂಥವರು ನೂರಕ್ಕೆ 31 ಮಾತ್ರ ಎಂಬ ಲೆಕ್ಕವೂ ಅದರಲ್ಲಿತ್ತು. ಮೈಕಟ್ಟು ನೋಡಿ ಕಳ್ಳನನ್ನು ಹೇಳುತ್ತಾರೆಯೇ ಎಂದು ಸಮಾಜಶಾಸ್ತ್ರಜ್ಞರು ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಜವಾದ ಎಡವಟ್ಟು ಬೇರೆ ಕಡೆ ಆಯಿತು. ಆ ಐದು ಅಂಶಗಳಿಗೆ ಅಂಕ ಕೊಟ್ಟು ದಂಪತಿ ಒಂದು ಭವಿಷ್ಯಸೂಚಕ ಪಟ್ಟಿಯನ್ನು ತಯಾರಿಸಿದರು. ಆರು ವರ್ಷದ ಮಗು ಶಾಲೆಗೆ ಸೇರುವಾಗಲೇ ಮುಂದೆ ಅಪರಾಧಿಯಾಗುತ್ತಾನೋ ಇಲ್ಲವೋ ಎಂದು ತಿಳಿಯಬಹುದೆಂದು ಅವರು ನಂಬಿದರು. ನ್ಯೂಯಾರ್ಕ್ ನಗರದಲ್ಲಿ ಇದರ ಪ್ರಯೋಗವೂ ನಡೆಯಿತು. ಪಟ್ಟಿಯ ದೋಷ ಸರಳವಾದದ್ದೇ. ಅದನ್ನು ಕಟ್ಟಿದ್ದು ಅರ್ಧಕ್ಕರ್ಧ ಬಾಲಾಪರಾಧಿಗಳೇ ಇದ್ದ ಗುಂಪಿನಿಂದ. ಊರಿನಲ್ಲಿ ಅರ್ಧದಷ್ಟು ಹುಡುಗರು ಅಪರಾಧಿಗಳಾಗಿರುವುದಿಲ್ಲ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ಒಂದು ಊರಿನಲ್ಲಿ ಸಾವಿರ ಹುಡುಗರು, ಅವರಲ್ಲಿ ದಾರಿ ತಪ್ಪುವವರು 50. ಪಟ್ಟಿಯ ಮಾತು ನೂರಕ್ಕೆ 90 ಬಾರಿ ನಿಜವಾಗುತ್ತದೆ ಎಂದಿಟ್ಟುಕೊಂಡರೆ, ಅದು ಆ 50ರಲ್ಲಿ 45 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ಆದರೆ ಉಳಿದ 950 ನಿರಪರಾಧಿಗಳಲ್ಲಿ 95 ಮಂದಿಯ ಹಣೆಗೂ ಅದೇ ಮುದ್ರೆ ಬೀಳುತ್ತದೆ. ಒಟ್ಟು 140 ಮಂದಿ ‘ಭಾವಿ ಅಪರಾಧಿ’ಗಳಲ್ಲಿ ಮೂರನೇ ಎರಡು ಪಾಲಿಗಿಂತ ತುಸು ಹೆಚ್ಚು ಏನೂ ಮಾಡದ ಮಕ್ಕಳು. ಒಂದನೇ ತರಗತಿಯಲ್ಲೇ ಮೇಷ್ಟರ ಕಣ್ಣಿನಲ್ಲಿ ಅಂಥ ಮಗುವಿನ ಗತಿ ಏನಾದೀತೆಂದು ಹೇಳಬೇಕಾಗಿಲ್ಲ.

ಇಂಥ ತಪ್ಪನ್ನು ತಿದ್ದುವವರು ಸಾಮಾನ್ಯವಾಗಿ ಶಿಷ್ಯರು. ಗುರುವಿನ ಲೆಕ್ಕವನ್ನು ಮತ್ತೆ ಮಾಡಿ, ಇಲ್ಲಿ ಸರಿ, ಇಲ್ಲಿ ತಪ್ಪು ಎಂದು ತೋರಿಸಿಯೇ ಅವರು ತಮ್ಮ ಪದವಿ ಪಡೆಯಬೇಕು. ಗ್ಲೂಕ್ ದಂಪತಿಗೆ ಆ ಭಾಗ್ಯ ಇರಲಿಲ್ಲ. ಕಾನೂನು ಕಾಲೇಜಿಗೆ ಬರುತ್ತಿದ್ದವರು ವಕೀಲರಾಗಲು ಬಂದವರು. ಅಪರಾಧದ ಅಧ್ಯಯನವೋ, ಎಡ್ವಿನ್ ಸದರ್‌ಲ್ಯಾಂಡ್ ಮೊದಲಾದವರ ಪ್ರಭಾವದಿಂದ ಸಮಾಜಶಾಸ್ತ್ರ ವಿಭಾಗಗಳ ಸ್ವತ್ತಾಗಿತ್ತು. ಅಲ್ಲಿನ ವಿದ್ಯಾರ್ಥಿಗಳು ಗ್ಲೂಕರ ಹೆಸರನ್ನು ಕಲಿತದ್ದು, ಹೀಗೆ ಮಾಡಬಾರದು ಎಂಬುದಕ್ಕೆ ಉದಾಹರಣೆಯಾಗಿ. ಎಲಿನರ್ 1972ರಲ್ಲಿ ತೀರಿಕೊಂಡರು, ಷೆಲ್ಡನ್ 1980ರಲ್ಲಿ. ಕಡತಗಳು ಕಾನೂನು ಕಾಲೇಜಿನ ಗ್ರಂಥಾಲಯಕ್ಕೆ ಸೇರಿದವು. ಬಾಸ್ಟನ್ನಿನ ಸಾವಿರ ಬಾಲ್ಯಗಳು ಅಲ್ಲಿನ ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆಗಳೊಳಗೆ ದೂಳು ತಿನ್ನುತ್ತಾ ಕುಳಿತವು.

ಇತ್ತ ಅದೇ ಕ್ಯಾಬಟ್ ಬಿತ್ತಿದ ಇನ್ನೊಂದು ಬೀಜ ಬೇರೆಯೇ ಆಗಿ ಬೆಳೆದಿತ್ತು. ಬಾಸ್ಟನ್ನಿಗೆ ಅಂಟಿಕೊಂಡಿರುವ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳ ಸಣ್ಣ ಹುಡುಗರಿಗೆ ಹಿರಿಯರೊಬ್ಬರ ಸ್ನೇಹ ಸಿಕ್ಕಿದರೆ ಅವರು ಕೆಡಲಾರರು ಎಂಬುದು ಅವರ ನಂಬಿಕೆ. ಆದರೆ ನಂಬಿಕೆಯನ್ನು ಅಳೆದು ನೋಡಬೇಕೆಂಬ ಹಟವೂ ವೈದ್ಯರಾದ ಅವರಿಗಿತ್ತು. ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ನೆರವು, ಇನ್ನೊಬ್ಬನಿಗೆ ಇಲ್ಲ ಎಂದು ತೀರ್ಮಾನಿಸಲಾಯಿತು. 1939ರಲ್ಲಿ ಕೆಲಸ ಆರಂಭವಾಯಿತು, ಅದೇ ವರ್ಷ ಕ್ಯಾಬಟ್ ತೀರಿಕೊಂಡರು. ಮಾರ್ಗದರ್ಶಕರು ಸರಾಸರಿ ತಿಂಗಳಿಗೆ ಎರಡು ಸಲದಂತೆ ಹುಡುಗರ ಮನೆಗೆ ಹೋದರು, ಪಾಠ ಹೇಳಿಸಿದರು, ವೈದ್ಯರಿಗೆ ತೋರಿಸಿದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. 1945ಕ್ಕೆ ಯೋಜನೆ ಮುಗಿಯಿತು.

ಈ ಕಡತಗಳನ್ನು 1950ರ ದಶಕದಲ್ಲಿ ಕೈಗೆತ್ತಿಕೊಂಡವರಲ್ಲಿ ಜೋನ್ ಮೆಕಾರ್ಡ್ ಒಬ್ಬರು. ಆಗ ಅವರಿಗೆ ಡಾಕ್ಟರೇಟ್ ಇರಲಿಲ್ಲ. ಮಕ್ಕಳನ್ನು ಸಾಕುತ್ತಾ ಓದು ಮುಂದುವರಿಸಿ 1968ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದ ಪಿಎಚ್.ಡಿ. ಪಡೆದರು. ಆಮೇಲೆ ಅದೇ ಹುಡುಗರನ್ನು ಮತ್ತೆ ಹುಡುಕಿ ಹೊರಟರು. ಹುಡುಗರೆಂದರೆ ಅಷ್ಟು ಹೊತ್ತಿಗೆ ನಡುವಯಸ್ಸಿನ ಗಂಡಸರು. ನ್ಯಾಯಾಲಯ, ಮಾನಸಿಕ ಆಸ್ಪತ್ರೆ, ಮದ್ಯವ್ಯಸನಿಗಳ ಚಿಕಿತ್ಸಾ ಕೇಂದ್ರ, ಮರಣ ನೋಂದಣಿ ಕಚೇರಿ, ಎಲ್ಲ ಕಡೆಯ ದಾಖಲೆಗಳನ್ನೂ ಅವರು ಜಾಲಾಡಿದರು. 506 ಮಂದಿಯ ಲೆಕ್ಕ ಅದು. ನೆರವು ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ, ಅದರಿಂದ ತಮಗೆ ಒಳ್ಳೆಯದಾಯಿತೆಂದೇ ಹೇಳಿದರು. ದಾಖಲೆಗಳು ಬೇರೆಯದನ್ನೇ ಹೇಳಿದವು. ದೊಡ್ಡವರಾದ ಮೇಲೆ ಅಪರಾಧ ಮಾಡಿದವರ ಪೈಕಿ, ನೆರವು ಪಡೆದ ಗುಂಪಿನಲ್ಲಿ ನೂರಕ್ಕೆ 78 ಮಂದಿ ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದರು. ನೆರವಿಲ್ಲದೆ ಬೆಳೆದವರಲ್ಲಿ ಈ ಪ್ರಮಾಣ 67. ಕುಡಿತದ ಚಟ, ಮಾನಸಿಕ ಕಾಯಿಲೆಯ ಲಕ್ಷಣ, ಬೇಗ ಬಂದ ಸಾವು, ಇವುಗಳಲ್ಲೂ ನೆರವು ಪಡೆದವರ ತಟ್ಟೆಯೇ ಭಾರವಾಗಿತ್ತು.

1978ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅರಗಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಹೊರಗಿನವರ ಆಸರೆಗೆ ಒಗ್ಗಿಹೋದ ಹುಡುಗರು ಅದು ನಿಂತಾಗ ಕುಸಿದಿರಬಹುದು ಎಂಬುದು ಮೆಕಾರ್ಡ್ ಮುಂದಿಟ್ಟ ವಿವರಣೆಗಳಲ್ಲಿ ಒಂದು. ಮುಂದೆ ಅವರೇ ಇನ್ನೊಂದು ಸುಳಿವು ಹಿಡಿದರು: ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದವರಲ್ಲೇ ಹಾನಿ ಎದ್ದು ಕಾಣುತ್ತಿತ್ತು. ಪುಂಡಾಟಿಕೆಯತ್ತ ವಾಲಿದ ಹುಡುಗರನ್ನು ಒಂದೆಡೆ ಗುಡ್ಡೆ ಹಾಕಿದರೆ ಒಬ್ಬರಿಂದೊಬ್ಬರು ಕಲಿಯುವುದು ಏನನ್ನು? ನಾಣ್ಯ ಚಿಮ್ಮಿ ಗುಂಪು ಮಾಡದಿದ್ದರೆ, ಮೂವತ್ತು ವರ್ಷ ಬಿಟ್ಟು ಯಾರೂ ಹಿಂಬಾಲಿಸಿ ಹೋಗದಿದ್ದರೆ, ಆ ಮೂರನೇ ಎರಡು ಮಂದಿಯ ಕೃತಜ್ಞತೆಯ ಮಾತೇ ಅಂತಿಮ ವರದಿಯಾಗುತ್ತಿತ್ತು.

ಇನ್ನು ನೆಲಮಾಳಿಗೆ. ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಅಪರಾಧ ನ್ಯಾಯ ವಿಷಯದಲ್ಲಿ ಪಿಎಚ್.ಡಿ. ಮಾಡಿದವರು. 1980ರ ದಶಕದ ಮಧ್ಯಭಾಗದಲ್ಲಿ ಗ್ಲೂಕರ ಐವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು ಲಾಬ್ ಕಣ್ಣಿಗೆ ಬಿದ್ದವು. ಗ್ಲೂಕರು ಆ ಸಾವಿರ ಮಂದಿಯನ್ನು 32 ವರ್ಷ ವಯಸ್ಸಾಗುವವರೆಗೂ ಹಿಂಬಾಲಿಸಿದ್ದರು. ಆ ಮಾಹಿತಿಯ ಬಹುಭಾಗವನ್ನು ಯಾರೂ ಸರಿಯಾಗಿ ಬಗೆದು ನೋಡಿರಲಿಲ್ಲ. ಅದನ್ನು ಕಂಪ್ಯೂಟರಿಗೆ ಹೊಂದಿಸಲು ಇಬ್ಬರಿಗೂ ವರ್ಷಗಳೇ ಹಿಡಿದವು. 1993ರಲ್ಲಿ ಬಂದ ಅವರ ಪುಸ್ತಕ ಗ್ಲೂಕರನ್ನು ಗೆಲ್ಲಿಸಿತು, ಸೋಲಿಸಿತು ಕೂಡ. ಬಾಲ್ಯದ ತಪ್ಪಿನಲ್ಲಿ ಮನೆಯ ಪಾತ್ರ ದೊಡ್ಡದು ಎಂಬ ಮಾತು ಹೊಸ ಲೆಕ್ಕದಲ್ಲೂ ನಿಂತಿತು. ಮೈಕಟ್ಟಿನ ಮಾತು ಹಿಂದೆ ಸರಿಯಿತು. ಭವಿಷ್ಯ ಹೇಳುವ ಆಸೆಯಂತೂ ಗ್ಲೂಕರದೇ ಕಡತಗಳಲ್ಲಿ ಮುರಿದುಬಿತ್ತು. ಸುಧಾರಣಾ ಶಾಲೆಯಿಂದ ಒಟ್ಟಿಗೆ ಹೊರಬಂದ ಇಬ್ಬರಲ್ಲಿ ಒಬ್ಬ ಸ್ಥಿರವಾದ ಕೆಲಸ ಹಿಡಿದು, ಹೊಂದಿಕೆಯ ದಾಂಪತ್ಯಕ್ಕೆ ಬಿದ್ದು ನೆಟ್ಟಗಾದರೆ, ಅಂಥದ್ದೇ ಬಾಲ್ಯದ ಇನ್ನೊಬ್ಬ ಜೈಲಿಗೆ ಹೋಗಿ ಬಂದು ಮಾಡುತ್ತಿದ್ದ. ಆರನೇ ವರ್ಷದ ಅಂಕಪಟ್ಟಿಯಲ್ಲಿ ಈ ನೌಕರಿಯೂ ಇರಲಿಲ್ಲ, ಈ ಹೆಂಡತಿಯೂ ಇರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಆ ಸಾವಿರ ಮಂದಿಯೂ ಬಿಳಿಯರು, ಹೆಚ್ಚಿನವರು ಯೂರೋಪಿನಿಂದ ವಲಸೆ ಬಂದ ಬಡವರ ಮಕ್ಕಳು. ಮುಂದಿನ ದಶಕಗಳಲ್ಲಿ ಅಪರಾಧವೆಂದರೆ ಕಪ್ಪು ಜನರ ಪ್ರಶ್ನೆ ಎಂಬಂತೆ ಮಾತನಾಡಿದ ಅಮೆರಿಕಕ್ಕೆ ಈ ಹಳೆಯ ಪೆಟ್ಟಿಗೆಗಳು ಇರುಸುಮುರುಸು ತರುವಂಥವು. ಹುಡುಗಿಯರಂತೂ ಇದರಲ್ಲಿ ಒಬ್ಬಳೂ ಇಲ್ಲ.

ಲಾಬ್ ಮತ್ತು ಸ್ಯಾಂಪ್ಸನ್ ಅಲ್ಲಿಗೇ ನಿಲ್ಲಲಿಲ್ಲ. ಸುಧಾರಣಾ ಶಾಲೆಯ ಹಳೆಯ ಹುಡುಗರನ್ನು ಎಪ್ಪತ್ತರ ವಯಸ್ಸಿನವರೆಗೆ ದಾಖಲೆಗಳಲ್ಲಿ ಹಿಂಬಾಲಿಸಿದರು, 52 ಮಂದಿಯನ್ನು ಖುದ್ದಾಗಿ ಕಂಡು ಮಾತನಾಡಿಸಿದರು. 2003ರಲ್ಲಿ ಆ ಪುಸ್ತಕ ಬಂತು, 2011ರಲ್ಲಿ ಇಬ್ಬರಿಗೂ ಅಪರಾಧಶಾಸ್ತ್ರದ ಸ್ಟಾಕ್‌ಹೋಮ್ ಪ್ರಶಸ್ತಿ ಸಂದಿತು. ಎಲಿನರ್ ಗ್ಲೂಕ್ ಜೋಡಿಸಿಟ್ಟ ಕಾಗದಗಳಿಗೆ ಸಂದ ಮನ್ನಣೆ ಎಂದೂ ಇದನ್ನು ಓದಬಹುದು.

ಭಾರತದಲ್ಲಿ ಇಂಥದ್ದು ಸಾಧ್ಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಾಗರ ವಿಶ್ವವಿದ್ಯಾಲಯದಲ್ಲಿ 1959ರಲ್ಲೇ ಅಪರಾಧಶಾಸ್ತ್ರದ ವಿಭಾಗ ತೆರೆಯಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಅಂಥ ವಿಭಾಗವಿದೆ. ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ವಿದ್ಯಾರ್ಥಿ ಇವತ್ತು ‘ಬಾಲಾಪರಾಧಿ’ ಎಂಬ ಶಬ್ದವನ್ನು ಶೀರ್ಷಿಕೆಯಲ್ಲಿ ಬಳಸಲು ಎರಡು ಸಲ ಯೋಚಿಸುತ್ತಾನೆ. ಕಾಯ್ದೆಯ ಭಾಷೆಯಲ್ಲಿ ಆ ಮಗು ಈಗ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಅದರ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಷ್ಟೇ ಅಲ್ಲ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಕರಣ ಮುಗಿದು ಮೇಲ್ಮನವಿಯ ಅವಧಿ ಕಳೆದ ಮೇಲೆ ಮಗುವಿನ ಮೇಲಿನ ತೀರ್ಮಾನದ ದಾಖಲೆಗಳನ್ನು ನಾಶಪಡಿಸಬೇಕು. ಹದಿನಾರು ದಾಟಿದವರ ಕೆಲವು ಘೋರ ಅಪರಾಧದ ಪ್ರಕರಣಗಳು ಮಾತ್ರ ಇದಕ್ಕೆ ಹೊರತು.

ಕಾಯ್ದೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಸ್ಪಷ್ಟ. ಹದಿನಾಲ್ಕನೇ ವಯಸ್ಸಿನಲ್ಲಿ ಸೈಕಲ್ ಕದ್ದವನ ಕಾಗದ ಅವನು ನಲವತ್ತರಲ್ಲಿ ಕೆಲಸ ಕೇಳಿ ಹೋದಾಗ ಮೇಜಿನ ಮೇಲೆ ಬಂದು ಕೂರಬಾರದು. ಗ್ಲೂಕರ ಅಂಕಪಟ್ಟಿಯ ಕಥೆ ಓದಿದ ಯಾರೂ ಇದನ್ನು ತಪ್ಪೆನ್ನಲಾರರು. ಆದರೆ ಆ ಅಂಕಪಟ್ಟಿ ತಪ್ಪೆಂದು ಗೊತ್ತಾದದ್ದೂ ಕಾಗದಗಳು ಉಳಿದದ್ದರಿಂದಲೇ, ಮೆಕಾರ್ಡ್‌ಗೆ ಸತ್ಯ ಸಿಕ್ಕಿದ್ದೂ ಕಾಗದಗಳಿಂದಲೇ. ಇವತ್ತು ವೀಕ್ಷಣಾಲಯವೊಂದರ ಬಾಗಿಲಲ್ಲಿ ಅನುಮತಿ ಪತ್ರ ಹಿಡಿದು ನಿಲ್ಲುವ ಸಂಶೋಧಕಿ ಮಕ್ಕಳ ಹೆಸರಿನ ಬದಲು ಸಂಖ್ಯೆಗಳನ್ನು ಬರೆದುಕೊಂಡು ಹೋಗುತ್ತಾಳೆ. ಮೂರೋ ನಾಲ್ಕೋ ವರ್ಷದಲ್ಲಿ ಪದವಿ ಬರುತ್ತದೆ. ಆ ಸಂಖ್ಯೆಯ ಹುಡುಗ ಮೂವತ್ತೆರಡರ ಹೊತ್ತಿಗೆ ಏನಾದ ಎಂದು ಮುಂದೊಂದು ದಿನ ಅವಳ ಶಿಷ್ಯೆಯೊಬ್ಬಳು ಹುಡುಕಿ ಬಂದರೆ, ತೆರೆದು ನೋಡಲು ಅಲ್ಲಿ ಪೆಟ್ಟಿಗೆ ಇರುವುದಿಲ್ಲ.